ವೆಲ್‌ಬ್ರೂಕ್ ಊರಿನ ಹೊಳೆ

ಹಾಲಿನ ಪುಡಿಯ ಡಬ್ಬಿ ತೆರೆದಾಗ ಬರುವ ಸಿಹಿಯಾದ, ತುಸು ಸೀದಂಥ ವಾಸನೆಗೆ ನಾನು ಈಗಲೂ ಆರು ವರ್ಷದವಳಾಗಿಬಿಡುತ್ತೇನೆ. ಕೆಂಗೇರಿಯ ನಮ್ಮ ಹೆಂಚಿನ ಮನೆ, ನಡುಮನೆಯ ಕಂಬದ ಪಕ್ಕ ನನ್ನ ಹಾಸಿಗೆ, ಮೂಲೆಯಲ್ಲಿ ರಾಗಿ ಮೂಟೆ, ದೂರದಿಂದ ಮೈಸೂರು ರೈಲಿನ ಕೂಗು. ಐವತ್ತರ ದಶಕದ ಒಂದು ಬೇಸಿಗೆ ಅದು. ವಿಷಮಶೀತ ಜ್ವರ ಬಿಟ್ಟಿತ್ತು, ಆದರೆ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಹಾಲು ಕುಡಿಸದಿದ್ದರೆ ಮಗು ಏಳುವುದು ಕಷ್ಟ ಎಂದಿದ್ದರು ಡಾಕ್ಟರು. ನಮ್ಮ ಎರಡು ಹಸುಗಳೂ ಗಬ್ಬವಾಗಿ ಹಾಲು ಬತ್ತಿಸಿಕೊಂಡಿದ್ದವು. ಕೇರಿಯಲ್ಲೂ ಹಾಲಿಗೆ ಬರ. ಕೊನೆಗೆ ಡಾಕ್ಟರೇ ಅಮೆರಿಕದಿಂದ ಬಂದ ಹಾಲಿನ ಪುಡಿಯ ದೊಡ್ಡ ಡಬ್ಬಿಯೊಂದನ್ನು ಕೊಟ್ಟು ಕಳಿಸಿದರು.

ಅಜ್ಜಿ ಅದನ್ನು ಮುಟ್ಟಲಿಲ್ಲ. ಹಸು ಕುಡಿದ ನೀರೇ ಹಾಲಾಗುವುದೆಂದು ನಂಬಿದ್ದವಳು. ಹೆಣ್ಣು ಕೊಡುವಾಗಲೂ ಮೊದಲು ಆ ಊರಿನ ನೀರು ವಿಚಾರಿಸುತ್ತಿದ್ದಳು. "ನೀರು ಗೊತ್ತಿಲ್ಲದ ಊರಿನ ಹಾಲ ಕೂಸಿನ ಬಾಯಿಗೆ ಹೆಂಗೆ ಹುಯ್ಯಲಿ?" ಎಂದಳು. ಅಮ್ಮನಿಗೆ ಅಳುವೇ ಬಂತು. ಆಗ ಮಿಡ್ಲ್ ಸ್ಕೂಲು ಮುಗಿಸಿದ್ದ ಕಮಲತ್ತೆ, ಅಪ್ಪನ ತಂಗಿ, ಡಬ್ಬಿಯ ಮೇಲಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, ಊರಿನ ಹೆಸರು ವೆಲ್‌ಬ್ರೂಕ್ ಎಂದಳು.

"ಅಲ್ಲಿ ನೀರು?"

"ಹೊಳೆ ಐತೆ ಕಣವ್ವ, ನಮ್ಮ ವೃಷಭಾವತಿ ಹಂಗೇ. ದಂಡೇಲೇ ಹಸು ಮೇಯ್ತವೆ," ಎಂದಳು ಅತ್ತೆ, ಕಣ್ಣು ಮಿಟುಕಿಸದೆ.

"ಊರು ಕಟ್ಟಿದ್ದು ಯಾರು?"

"ಒಬ್ಬ ಮುದುಕಿಯಂತೆ. ಮೊದ್ಲು ಬಾವಿ ತೋಡ್ಸಿ, ಆಮೇಲೆ ಮನೆ ಕಟ್ಟಿದ್ಲಂತೆ."

"ಬುದ್ಧಿವಂತೆ," ಎಂದು ಅಜ್ಜಿ ಒಲೆಯ ಮೇಲೆ ನೀರಿಟ್ಟಳು.

ಅಲ್ಲಿಂದ ದಿನಾ ಒಂದು ಲೋಟ ಹಾಲು, ಜೊತೆಗೆ ಒಂದು ಪ್ರಶ್ನೆ. ಅತ್ತೆ ಆ ಊರಿಗೆ ರೈಲು ಸ್ಟೇಷನ್ನು ತಂದಳು, ಸಂತೆ ಕಟ್ಟಿದಳು, ಒಮ್ಮೆ ಪ್ರವಾಹ ಬರಿಸಿ ಊರನ್ನು ದಿಬ್ಬಕ್ಕೆ ಹತ್ತಿಸಿದಳು. ಅಂಗೈ ಅಗಲದ ಅಡುಗೆಮನೆಯಲ್ಲಿ ಅಮೆರಿಕದ ಒಂದು ಊರು ಬೆಳೆಯಿತು, ಅದನ್ನು ಕುಡಿದು ನಾನೂ ಬೆಳೆದೆ. ಡಬ್ಬಿ ತಳ ಕಾಣುವ ಹೊತ್ತಿಗೆ ಗೋಡೆ ಹಿಡಿದು ಹಿತ್ತಲಿಗೆ ನಡೆದು ಹೋದೆ. ಅಜ್ಜಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಮಾರನೆಯ ದಿನ ನೋಡಿದರೆ, ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಬಿಸಿಲಿಗೆ ಒಣಗಿಸಿ, ತುಂಬ ಅಚ್ಚುಬೆಲ್ಲ ತುಂಬಿಸಿದ್ದಾಳೆ! "ಬಂದ ಪಾತ್ರೆನ ಬರಿದಾಗಿ ಕಳಿಸ್ತಾರೇನೆ ಕಮಲಿ? ಆ ಊರ್ನೋರು ಏನಂದ್ಕೊಂಡಾರು?" ಅತ್ತೆ ನನ್ನ ಕೈ ಹಿಡಿದು, ಡಬ್ಬಿಯನ್ನು ಕಂಕುಳಲ್ಲಿಟ್ಟು ಡಾಕ್ಟರ ಹತ್ತಿರ ಹೋದಳು. ಅವರು ಎಲ್ಲ ಕೇಳಿಕೊಂಡರು, ನಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಕೊಂಡು, "ತಲುಪಿಸ್ತೀನಿ ಅಂತ ಹೇಳಮ್ಮ ನಿಮ್ಮ ತಾಯಿಗೆ," ಎಂದರು. ಆ ಬೆಲ್ಲ ಯಾರ ಬಾಯಿ ಸಿಹಿ ಮಾಡಿತೋ ನನಗೆ ತಿಳಿಯದು.

ಅಜ್ಜಿ ಮಾತ್ರ ಇದ್ದಷ್ಟು ಕಾಲವೂ ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ನಮ್ಮ ಕೆರೆ, ನಮ್ಮ ಹೊಳೆ ಎಂದು ಬೇಡಿಕೊಂಡು, ಕೊನೆಗೆ "ಆ ಕೂಸಿನ ಹಾಲಿನ ಊರ ಹೊಳೇನೂ ತುಂಬಿರಲಿ" ಎನ್ನುತ್ತಿದ್ದಳು. ಅವಳಿಲ್ಲ, ಅತ್ತೆಯಿಲ್ಲ, ಆ ಮನೆಯಿದ್ದಲ್ಲಿ ಈಗ ಅಂಗಡಿಗಳ ಸಾಲು. ನನ್ನನ್ನು ಎಬ್ಬಿಸಿ ನಿಲ್ಲಿಸಿದ ಅವರೆಲ್ಲರ ಋಣ ತೀರುವಂಥದ್ದಲ್ಲ. ಭೂಪಟದಲ್ಲಿ ಆ ಊರನ್ನು ನಾನು ಇಂದಿಗೂ ಹುಡುಕಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸು ವೃಷಭಾವತಿಯ ಸೇತುವೆ ದಾಟುವಾಗ ಎಲ್ಲರಂತೆ ನಾನೂ ಮೂಗಿಗೆ ಸೆರಗು ಹಿಡಿಯುತ್ತೇನೆ. ಕೆಳಗೆ ಕಪ್ಪು ನೊರೆ. ಅಜ್ಜಿಯ ಬೇಡಿಕೆಯಲ್ಲಿ ಅರ್ಧವಂತೂ ಹೀಗಾಯಿತು. ಉಳಿದರ್ಧವಾದರೂ ಅಲ್ಲೆಲ್ಲೋ ತಿಳಿಯಾಗಿ ಹರಿಯುತ್ತಿರಲಿ.