ಭಾವನ ಕಪ್ಪು ಕಾರಿಗೆ ಹೊಳಪಿನ ಸಾಮಾನು

ಮೊದಲೇ ಹೇಳಿಬಿಡುತ್ತೇನೆ: ದೋಣಿಯ ಹಲಗೆ ತಿಕ್ಕುವ ನೈಲಾನ್ ಬ್ರಶ್ಶಿನಿಂದ ಭಾವನ ಕಪ್ಪು ಕಾರನ್ನು ತಿಕ್ಕಿದ ಮಹಾಪುರುಷ ನಾನೇ. ಯಾರೂ ಹೇಳಿರಲಿಲ್ಲ. ಭಟ್ಕಳದ ಅಕ್ಕನ ಮನೆಯಲ್ಲಿ ನಾಲ್ಕು ದಿನ ಕೂತು ಉಂಡವನಿಗೆ ಏನಾದರೂ ಉಪಕಾರ ಮಾಡುವ ಹುಕಿ ಬಂದಿತ್ತು, ಅಷ್ಟೇ. ಒದ್ದೆಯಿದ್ದಾಗ ಕಾರು ಮದುಮಗನ ಹಾಗೆ ಮಿಂಚಿತು. ನೀರು ಆರಿ ಬೆಳಗಿನ ಬಿಸಿಲು ಬಿದ್ದದ್ದೇ ತಡ, ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರುಗಳು ಎದ್ದು ನಿಂತವು.

ಅಕ್ಕ ಹೊರಗೆ ಬಂದು ನೋಡಿದಳು. ಬೆರಳಿನಿಂದ ಒಂದು ಗೀರು ತಿಕ್ಕಿ ನೋಡಿದಳು. ಅವಳು ಬಯ್ದಿದ್ದರೆ ನಾನು ಅಣಕಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಆ ಸಲ ಮೀನು ಹಿಡಿಯಲು ಸಮುದ್ರಕ್ಕೆ ಹೋಗುವಾಗ ಭಾವ ಮೊದಲ ಬಾರಿಗೆ ಕಾರಿನ ಚಾವಿಯನ್ನು ಅವಳ ಕೈಗೆ ಕೊಟ್ಟಿದ್ದರು. ಲೈಸೆನ್ಸ್ ಬಂದು ಎಷ್ಟೋ ಕಾಲವಾಗಿದ್ದರೂ ಅವಳು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದವಳು. ಭಾವನ ಶರತ್ತು ಒಂದೇ: "ಒಂದು ಗೀರು ಬಿದ್ರೂ ಚಾವಿ ವಾಪಸ್ಸು." ಆ ಗಡಸು ದನಿಯನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿ ಅವಳನ್ನು ನಗಿಸಿದ್ದೆ. ಈಗ ಮಾಡಿದ್ದರೆ ಅದೇ ಬ್ರಶ್ಶಿನಿಂದ ನನ್ನನ್ನೂ ತಿಕ್ಕುತ್ತಿದ್ದಳು.

ಅಷ್ಟರಲ್ಲಿ ಭಾವನ ಫೋನು. ಮೀನು ಮಲ್ಪೆಯಲ್ಲಿ ಇಳಿಸಿದ್ದಾಗಿದೆ, ಸಂಜೆ ಬಸ್ಸಿಗೆ ಬರ್ತೆ ಅಂದರು. ಅಕ್ಕ "ಆತು" ಎಂದಳು. ಫೋನಿಟ್ಟ ಮೇಲೂ ಇನ್ನೊಂದು ಸಲ "ಆತು" ಎಂದಳು, ನನ್ನ ಮುಖ ನೋಡಿ.

ಹಿತ್ತಲ ಶೆಡ್ಡಿನಲ್ಲಿ ಫೈಬರ್ ದೋಣಿಗೆ ಹೊಳಪು ಕೊಡುವ ಮಶೀನಿತ್ತು. ಇದ್ದುದರಲ್ಲೇ ಮುಗಿಸೋಣ ಎಂದು ಮೊದಲು ನನ್ನ ಬೈಕಿನ ಟ್ಯಾಂಕಿನ ಮೇಲೆ ಇಟ್ಟು ನೋಡಿದೆ. ಕೈ ಎತ್ತುವಷ್ಟರಲ್ಲಿ ಕೆಂಪು ಬಣ್ಣ ಹೋಗಿ ತಗಡು ಕಂಡಿತು.

"ದೋಣಿ ಮೈ ದಪ್ಪ ಮಾರಾಯ," ಅಂದಳು ಅಕ್ಕ. "ನಿನ್ನ ಹಾಗೆ. ಕಾರಿಂದು ತೆಳು."

ಶುಕ್ರವಾರದ ರಜೆ ಎಂದು ಭಟ್ಕಳದ ಪೇಟೆಯಲ್ಲಿ ಕಾರಿನ ಪಾಲಿಶ್ ಸಾಮಾನಿನ ಅಂಗಡಿ ಬಾಗಿಲು ಹಾಕಿತ್ತು. ಕುಮಟೆಗೆ ಹೊರಟೆವು. ಕಾರು ಓಡಿಸಿದ್ದು ಅಕ್ಕನೇ. ಹೊನ್ನಾವರದ ಸೇತುವೆಯ ಮೇಲೆ ಬಿಸಿಲು ನೇರವಾಗಿ ಬಾನೆಟ್ಟಿಗೇ ಬಿದ್ದು ಒಂದೊಂದು ಗೀರೂ ಬೆಳಗಿತು. ನಾನು ಬಾಯಿ ತೆರೆದೆ. "ಮಾತಾಡ್ಬೇಡ ತಮಾ, ಲಾರಿ ಬರ್ತಾ ಉಂಟು," ಅಂದಳು.

ಕುಮಟೆಯ ಅಂಗಡಿಯವ ಎರಡು ಮಶೀನು ತಂದಿಟ್ಟ. ಒಂದು ಬರೀ ಗರಗರ ತಿರುಗುವುದು. ಇನ್ನೊಂದು ತಿರುಗುತ್ತಲೇ ಅತ್ತಿತ್ತ ಅಲುಗುವುದು. ನಾನು ಮೊದಲನೆಯದನ್ನು ಎತ್ತಿಕೊಂಡು ಫೋನಿನಲ್ಲಿ ಕಾರಿನ ವಿಡಿಯೋ ಹಾಕುವವರ ದನಿ ತೆಗೆದೆ: "ಸ್ನೇಹಿತರೇ, ಪವರ್ ಅಂದ್ರೆ ಇದು!" ಅಂಗಡಿಯವ ನಗಲಿಲ್ಲ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು.

"ಇಂಥವನ ಕೈಗೆ ಕೊಟ್ರೂ ಬಣ್ಣ ಉಳಿಯೂದು ಯಾವ್ದು?"

"ಅಲುಗೂದು, ಬಾಯೋರೆ. ಕೆಲಸ ನಿಧಾನ. ಆದ್ರೆ ಕೈ ತಪ್ಪಿದ್ರೂ ಬಣ್ಣ ಸುಡೂದು ಕಮ್ಮಿ."

ಸ್ಪಂಜಿನ ಬಿಲ್ಲೆಗಳಲ್ಲಿ ಮೆತ್ತಗಿನದೊಂದು, ಸ್ವಲ್ಪ ಗಟ್ಟಿಯದೊಂದು. ಒರೆಸಲು ಮೈಕ್ರೋಫೈಬರ್ ಬಟ್ಟೆ. ಅಂಚಿಗೆ, ರಬ್ಬರಿಗೆ ಅಂಟಿಸಲು ಟೇಪು. ಕೊನೆಗೆ ಉಳಿದದ್ದು ಪಾಲಿಶ್. ಒಂದು ಬಾಟಲಿ ಗೀರನ್ನು ಬೇಗ ತೆಗೆಯುವ ಒರಟು ಪಾಲಿಶ್, ಇನ್ನೊಂದು ನಯದ್ದು.

"ಸಂಜೆಯೊಳಗೆ ಮುಗೀಬೇಕಾದ್ರೆ ಒರಟೇ ಬೇಕು," ಅಂದ ಅಂಗಡಿಯವ. "ಹೊಸಬರ ಕೈ ಆದ್ರೆ ನಯದ್ದು. ಬೇಗವೂ ಮುಗೀಬೇಕು, ಬಣ್ಣವೂ ಉಳೀಬೇಕು ಅಂದ್ರೆ ಆಗೂದಿಲ್ಲ."

ಅಕ್ಕ ಎರಡೂ ಬಾಟಲಿ ಹಿಡಿದು ನಿಂತಳು. ಒರಟಿನಲ್ಲಿ ಕಾರು ಸಂಜೆಗೆ ಮುಗಿದೀತು, ಇಲ್ಲವೇ ಬಣ್ಣವೇ ಮುಗಿದೀತು. ನಯದ್ದಾದರೆ ಭಾವ ಬರುವಾಗ ಬಾನೆಟ್ಟೂ ಆಗಿರುವುದಿಲ್ಲ. ನಾನು ಒರಟಿನ ಕಡೆ ಕಣ್ಣು ಹಾಯಿಸಿದೆ. ಅದನ್ನು ಕಂಡದ್ದೇ ಅವಳು ನಯದ್ದನ್ನು ಚೀಲಕ್ಕೆ ಹಾಕಿದಳು. ನನ್ನ ಆಯ್ಕೆಗೆ ಇರುವ ಬೆಲೆ ಅಷ್ಟು.

ಮನೆಗೆ ಬಂದು, ಹೊಸ ಬಟ್ಟೆಯಲ್ಲಿ ಧೂಳು ತೊಳೆದು, ಬಾನೆಟ್ಟಿನ ನಡುವೆ ಟೇಪಿನಿಂದ ಎರಡು ಅಂಗೈಯಗಲದ ಚೌಕ ಮಾಡಿದೆ. ಮೆತ್ತಗಿನ ಬಿಲ್ಲೆಗೆ ಪಾಲಿಶ್ ಹನಿಸಿ ಮಶೀನು ಒತ್ತಿದೆ. ಅಕ್ಕ ಪಕ್ಕದಲ್ಲಿ ನಿಂತು ಆಗಾಗ ಬಾನೆಟ್ಟು ಮುಟ್ಟಿ ಬಿಸಿ ನೋಡುತ್ತಿದ್ದಳು, ಮಗುವಿನ ಜ್ವರ ನೋಡಿದ ಹಾಗೆ. ಒರೆಸಿದೆ. ಚೌಕದಲ್ಲಿ ತೆಂಗಿನ ಗರಿ ಕಂಡಿತು, ಆಕಾಶ ಕಂಡಿತು, ಇಬ್ಬರ ಮುಖ ಕಂಡಿತು. ಗೀರಿರಲಿಲ್ಲ.

ಟೇಪು ಕಿತ್ತ ಮೇಲೆ ಅನಾಹುತ ತಿಳಿಯಿತು. ಆ ಒಂದು ಚೌಕ ಹೊಳೆದು ಉಳಿದ ಕಾರಿನ ಮಾನ ಕಳೆದಿತ್ತು. ಬೆಳಿಗ್ಗೆ ದೂರದಿಂದ ಕಾಣದ ಗೀರು ಈಗ ಗೇಟಿನಿಂದಲೇ ಕಾಣುತ್ತಿತ್ತು.

ಗೇಟಿನಲ್ಲಿ ರಿಕ್ಷಾ ನಿಂತಿತು. ಭಾವ ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೇ ಬಂದಿದ್ದರು. ಚೀಲ ಕೆಳಗಿಟ್ಟು ಕಾರಿಗೆ ಒಂದು ಸುತ್ತು ಬಂದರು.

"ಈ ಚೌಕ ಎಂತದು?"

"ನಾನು ಸರಿ ಮಾಡಿದ್ದು, ಭಾವ."

"ಉಳಿದದ್ದು?"

"ಅದೂ ನಾನೇ, ಭಾವ. ಅದರ ಮೊದಲು."

ಅವರು ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಮುಂದೆ ಅಂಗೈ ಚಾಚಿದರು. "ಚಾವಿ."

ಅಕ್ಕ ಚಾವಿಯನ್ನು ಸೊಂಟಕ್ಕೆ ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡಳು. ನನ್ನ ರಟ್ಟೆ ಹಿಡಿದು ಅವರ ಮುಂದೆ ತಂದು ನಿಲ್ಲಿಸಿದಳು.

"ಓಡ್ಸಿದ್ದು ನಾನು, ಉಜ್ಜಿದ್ದು ಇವ. ಚಾವಿ ನನ್ನ ಹತ್ರನೇ ಇರ್ಲಿ, ಇವನ್ನ ನೀವು ಇಟ್ಕಳಿ."