ಅಣ್ಣನ ಚಾಕು, ಅಮ್ಮನ ಭರಣಿ

ನಾನು ಓದಿದ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ತಿಂಗಳಿಗೊಮ್ಮೆ ಸಾಲಾಗಿ ಚಾಪೆಲ್ಲಿಗೆ ಹೋಗಿ, ಪಾದ್ರಿಯ ಕಿವಿಯಲ್ಲಿ ಪಾಪಗಳನ್ನೆಲ್ಲ ಸುರಿದು, ಹಗುರಾಗಿ ಜಡೆ ಕುಣಿಸುತ್ತ ಹಿಂತಿರುಗುತ್ತಿದ್ದರು. ನಾವು ಹಿಂದೂ ಹುಡುಗಿಯರು ಆ ಹೊತ್ತಿನಲ್ಲಿ ಮಾರಲ್ ಸೈನ್ಸ್ ಓದಿಕೊಂಡು, ನಮ್ಮ ಪಾಪಗಳನ್ನು ಟಿಫಿನ್ ಡಬ್ಬಿಯ ಜೊತೆ ಹಾಗೆಯೇ ಮನೆಗೆ ಹೊತ್ತು ತರುತ್ತಿದ್ದೆವು. ಹಾಗೆ ಉಳಿದುಹೋದದ್ದೊಂದನ್ನು ಈಗ, ಎಂಬತ್ತು ದಾಟಿದ ಮೇಲೆ, ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನನಗೆ ಮಿಲಿಟರಿಯವರ ಚಾಕು ಕಂಡರೆ ಪ್ರಾಣ.

ನಗಬೇಡಿ. ನನ್ನ ವಯಸ್ಸಿನವರು ರೇಷ್ಮೆ ಸೀರೆಯ ಅಂಗಡಿಯ ಮುಂದೆ ನಿಂತರೆ ನಾನು ಫೋರ್ಟ್ ಪೇಟೆಯ ಹಳೆಯ ಕಟ್ಲರಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತವಳು. ಮಡಚುವ ಚಾಕಿನ ಮೇಲೆ ನನಗೆ ಅಂಥ ಗೌರವವಿಲ್ಲ. ಅದು ನಾಚಿಕೆಯ ಪ್ರಾಣಿ, ಕೆಲಸ ಮುಗಿಯುತ್ತಲೇ ಮುದುಡಿ ಒಳಗೆ ಸೇರಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ಫಿಕ್ಸೆಡ್ ಬ್ಲೇಡ್: ತುದಿಯಿಂದ ಹಿಡಿಯ ಬುಡದವರೆಗೆ ಒಂದೇ ಉಕ್ಕು ಹಾಯ್ದು ಬಂದ, ಸೊಂಟದಲ್ಲಿ ಚರ್ಮದ ಒರೆ ತೊಟ್ಟು ನಿಲ್ಲುವ ಜಾತಿ. ಅದಕ್ಕೆ ಮಡಚಿಕೊಳ್ಳುವುದೇ ಗೊತ್ತಿಲ್ಲ. ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಹದಿನೈದು ದಿನ ಇದ್ದರೆ ಏನಾದೀತು ಎನ್ನುವುದೇ ಈ ಬರಹ.

ಚಾಕಿನ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ವಿಚಿತ್ರವಾದದ್ದು. ಟೇಬಲ್ ಮ್ಯಾನರ್ಸ್ ಕ್ಲಾಸಿನಲ್ಲಿ ಐರಿಷ್ ಸಿಸ್ಟರ್ ನನಗೆ ಫಿಶ್ ನೈಫ್ ಹಿಡಿಯುವುದನ್ನು ಕಲಿಸಿದ್ದರು. ಮೀನಿನ ಜಾಗದಲ್ಲಿ ಮಡಚಿದ ಕರ್ಚೀಫು ಇಟ್ಟುಕೊಂಡು ಅದರ ಮುಳ್ಳು ಬಿಡಿಸುವುದರಲ್ಲಿ ನಾನು ಕ್ಲಾಸಿಗೇ ಫಸ್ಟ್. ಮನೆಗೆ ಬಂದರೆ ಚಾಕೇ ಇಲ್ಲ! ಇದ್ದದ್ದು ಈಳಿಗೆಮಣೆ. ಯೋಚಿಸಿ ನೋಡಿ, ಇಂಗ್ಲಿಷರ ಮನೆಯಲ್ಲಿ ತರಕಾರಿ ಬೋರ್ಡಿನ ಮೇಲೆ ಬಿದ್ದುಕೊಂಡಿರುತ್ತದೆ, ಚಾಕು ಅದರ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಅಲಗು ಕೂತಲ್ಲೇ ಕೂತಿರುತ್ತದೆ, ಬದನೆಕಾಯಿಯೇ ಎದ್ದು ಅದರ ಬಳಿಗೆ ಬರಬೇಕು. ನನಗೆ ಇದರಲ್ಲಿ ಎರಡು ನಾಗರಿಕತೆಗಳ ವ್ಯತ್ಯಾಸವೇ ಕಾಣುತ್ತದೆ. ಆದರೆ ಅದನ್ನು ಬೆಳೆಸಲು ಹೋದರೆ ಅಣ್ಣ ಇನ್ನೂ ಸಾಂತಾಕ್ರೂಜ್ ಸ್ಟೇಷನ್ನಿನಲ್ಲೇ ಉಳಿದುಬಿಡುತ್ತಾನೆ.

ಅಣ್ಣ ಎಂದರೆ ಸೀನಣ್ಣ, ನನಗಿಂತ ಎಂಟು ವರ್ಷ ದೊಡ್ಡವನು, ಸೈನ್ಯದ ಎಂಜಿನಿಯರ್ ದಳದಲ್ಲಿ ಲೆಫ್ಟಿನೆಂಟ್. ಐವತ್ತರ ದಶಕದ ನಡುಭಾಗ. ಅಪ್ಪ ರೈಲ್ವೆ ಆಫೀಸಿನಲ್ಲಿದ್ದರು. ಮೈಸೂರಿನಿಂದ ಬಂದ ನಾವು ಸಾಂತಾಕ್ರೂಜಿನ ಒಂದು ಸಣ್ಣ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿದ್ದೆವು. ಅಣ್ಣ ರಜೆಗೆ ಬಂದಾಗ ಅವನ ಸೊಂಟದಲ್ಲಿ ಆ ಚಾಕು ಇತ್ತು. ಇಂಗ್ಲಿಷರ ನಾಡಿನ ಷೆಫೀಲ್ಡಿನಲ್ಲಿ ಮಾಡಿದ್ದು, ಆರೂವರೆ ಇಂಚಿನ ಅಲಗು, ಬೆಳ್ಳಿಯ ಹಾಗೆ ಹೊಳಪು. ಸಿಗರೇಟು ಬಿಟ್ಟು ಅದನ್ನು ಕೊಂಡಿದ್ದನಂತೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು, ಕೂಸಿಗೆ ಎಣ್ಣೆ ನೀವಿದಂತೆ ಅದಕ್ಕೆ ಎಣ್ಣೆ ನೀವುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನೋ ಸೀನೂ ಇದು, ಚಾಕಿನ ಮೈಮೇಲೆ ಉದ್ದಕ್ಕೂ ಮೋರಿ?"

"ಭಾರ ಕಡಿಮೆಯಾಗಲಿ ಅಂತ ಆ ತೋಡು ತೆಗೀತಾರಮ್ಮ."

"ಭಾರ ಕಡಿಮೆಯಾಗ್ಬೇಕಾದ್ರೆ ಮನೇಲೇ ಬಿಟ್ಟು ಹೋಗು. ಇದರಲ್ಲಿ ಏನೇನು ಕತ್ತರಿಸಿದ್ದೀಯ, ನಿಜ ಹೇಳು."

"ಹಗ್ಗ. ತಗಡಿನ ಡಬ್ಬಿ. ಒಂದ್ಸಲ ಕರ್ನಲ್ ಸಾಹೇಬರ ಬರ್ತ್‌ಡೇ ಕೇಕು."

"ಕೇಕಿಗೆ ಮೊಟ್ಟೆ ಹಾಕಿರ್ತಾರೆ" ಎಂದು ಅಮ್ಮ ತೀರ್ಪು ಕೊಟ್ಟಳು. ಚಾಕು ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದಾಯಿತು. ಚಾಕಿಗಿಂತ ಹೆಚ್ಚಾಗಿ ಅದರ ಒರೆ ಅವಳ ಕಣ್ಣು ಕುಕ್ಕುತ್ತಿತ್ತು, ಏಕೆಂದರೆ ಅದು ಚರ್ಮದ್ದು. ಅಪ್ಪನ ಬೆಲ್ಟನ್ನೇ ಅವಳು ಆ ಹೊಸ್ತಿಲಿನಿಂದ ಎರಡು ಮಾರು ದೂರ ಇಟ್ಟಿದ್ದಳು.

ರಜೆ ಮುಗಿಯುವ ಮೊದಲೇ ತಂತಿ ಬಂತು. ಅಣ್ಣನ ತುಕಡಿ ಹಡಗು ಹತ್ತಿ ಈಜಿಪ್ಟಿನ ಕಡೆ ಹೋಗಬೇಕು, ಜಗಳವಾಡಿದ ದೇಶಗಳ ನಡುವೆ ಶಾಂತಿ ಕಾಯಬೇಕು, ಒಂದು ವರ್ಷ. ಅವನು ನಾಲ್ಕು ದಿನದಲ್ಲಿ ಬಲ್ಲಾರ್ಡ್ ಪಿಯರ್ ಬಂದರಿನಲ್ಲಿರಬೇಕು.

"ಶಾಂತಿ ಮಾಡಿಸೋದಾದ್ರೆ ಪುರೋಹಿತರನ್ನ ಕಳಿಸ್ಲಿ. ಶಾಂತಿಗೆ ಚಾಕು ಯಾಕೆ?" ಎಂದಳು ಅಮ್ಮ.

"ದರ್ಭೆ ಕೊಯ್ಯೋದಕ್ಕೆ" ಎಂದರು ಅಪ್ಪ, ಪೇಪರಿನ ಹಿಂದಿನಿಂದ. ಅಮ್ಮ ನಗಲಿಲ್ಲ.

ಮರುದಿನ ಬೆಳಿಗ್ಗೆ ಚಾಕು ಮಾಯವಾಗಿತ್ತು. ಮೊಳೆಗೆ ನೇತುಹಾಕಿದ್ದ ಒರೆ ಇದ್ದಲ್ಲೇ ಇತ್ತು, ಒಳಗೆ ಬರೀ ಗಾಳಿ. ಅಣ್ಣ ಹಾಸಿಗೆ ಸುತ್ತಿದ್ದ ಹೋಲ್ಡಾಲನ್ನು ಬಿಚ್ಚಿ ಕೊಡವಿದ, ಟ್ರಂಕನ್ನು ತಲೆಕೆಳಗು ಮಾಡಿದ, ಮಂಚದಡಿ ಹೊಟ್ಟೆಯ ಮೇಲೆ ತೆವಳಿದ. ಅಮ್ಮನೂ ಅವನ ಹಿಂದೆಯೇ ತಿರುಗುತ್ತ "ಅಲ್ಲಿ ನೋಡ್ದ್ಯಾ? ಇಲ್ಲಿ ನೋಡು" ಎಂದು ಬಹಳ ಶ್ರದ್ಧೆಯಿಂದ ಹುಡುಕಿದಳು.

ನನಗೆ ಹುಣಸೆಹಣ್ಣು ಕದ್ದು ತಿನ್ನುವ ಚಟವಿತ್ತು. ಅಂದು ಮಧ್ಯಾಹ್ನ, ವರ್ಷಕ್ಕಾಗುವಷ್ಟು ಹಣ್ಣನ್ನು ಉಪ್ಪು ಬೆರೆಸಿ ತುಂಬಿಟ್ಟಿದ್ದ ದೊಡ್ಡ ಪಿಂಗಾಣಿ ಭರಣಿಗೆ ಕೈ ಹಾಕಿದೆ. ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಎಳೆದು ನೋಡಿದರೆ ಅಣ್ಣನ ಚಾಕಿನ ಹಿಡಿ. ಹಿಂದೆ ಅಮ್ಮ ನಿಂತಿದ್ದಳು.

"ಬಾಯಿ ಬಿಟ್ಟರೆ ನೋಡು" ಎಂದಳು. ಆಮೇಲೆ ಮೆತ್ತಗಾಗಿ, "ನಮ್ಮ ಅಡುಗೆ ಸುಬ್ಬಣ್ಣನವರು ನೆನಪಿದಾರಾ? ಮಾಟುಂಗಾದ ಮದುವೆಗೆ ಬರ್ತಾ ಲೋಕಲ್ ರೈಲಿನಲ್ಲಿ ಸೌಟಿನ ಚೀಲ ಮರೆತರು. ದಾದರಿನಿಂದಲೇ ವಾಪಸು ಹೋದ್ರು. ಮನೆಯವರು ಎಷ್ಟು ಬೇಡಿಕೊಂಡ್ರೂ, ನನ್ನ ಸೌಟಿಲ್ಲದೆ ನಾನು ಒಲೆ ಮುಂದೆ ನಿಲ್ಲೋದಿಲ್ಲ ಅಂದುಬಿಟ್ಟರು. ಸಾಮಾನಿಲ್ಲದೆ ಬಂದ ಆಳನ್ನ ಸೈನ್ಯದವರಾದ್ರೂ ಯಾಕೆ ಇಟ್ಕೋತಾರೆ? ವಾಪಸು ಕಳಿಸ್ತಾರೆ."

"ಅಮ್ಮಾ, ಚಾಕು ಹಾಳಾಗತ್ತೆ."

"ಹುಣಸೆಹಣ್ಣಿನಲ್ಲಿ ಯಾವ ಪಾತ್ರೆ ಹಾಳಾಗಿದೆ? ಹೊಳಪು ಬರತ್ತೆ. ಕಬ್ಬಿಣವಾದ್ರೆ ಕಪ್ಪಾಗ್ತಿತ್ತು. ಇದು ಬೆಳ್ಳಿ ಹಾಗಿದೆ. ಚರ್ಮ ಬೇಡಾಂತ ಒರೆ ಅಲ್ಲೇ ಬಿಟ್ಟು ಬಂದಿದೀನಿ."

ಚಾಕಿನ ಹಿಡಿಯೂ ಚರ್ಮದ್ದೇ, ಬಿಲ್ಲೆ ಬಿಲ್ಲೆಯಾಗಿ ಜೋಡಿಸಿ ಪಾಲಿಷ್ ಮಾಡಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಮೊಟ್ಟೆ ತಾಗಿದ ಅಲಗನ್ನು ಅಡುಗೆಮನೆಯ ಹೃದಯಕ್ಕೇ ಇಳಿಸಿದ್ದಳಲ್ಲ, ಮಗನಿಗಾಗಿ ಅಷ್ಟು ಮಾಡಿದವಳಿಗೆ ಉಳಿದದ್ದನ್ನು ಹೇಳಿ ಏನು ಪ್ರಯೋಜನ?

ಸಂಜೆ ಕೆಳಮನೆಯ ಡಿಸೋಜಾ ಆಂಟಿ ಸುದ್ದಿ ಕೇಳಿ ಮೇಲೆ ಬಂದರು. ಕಳೆದುಹೋದ ವಸ್ತುಗಳಿಗೆಲ್ಲ ಸೇಂಟ್ ಆಂಟನಿಯೇ ಗತಿ, ಅವರ ಪ್ರಕಾರ. "ಸೇಂಟ್ ಆಂಟನಿ ನೆವರ್ ಫೇಲ್ಸ್, ಮ್ಯಾನ್. ಕಾನ್ವೆಂಟ್ ಗರ್ಲ್ ಅಲ್ವಾ ನೀನು? ಕಮ್, ನೀಲ್ ಡೌನ್" ಎಂದು ನನ್ನನ್ನೇ ಪಕ್ಕದಲ್ಲಿ ಮಂಡಿಯೂರಿಸಿದರು. ಭರಣಿ ಗೋಡೆಯಾಚೆ ಹತ್ತು ಅಡಿ ದೂರದಲ್ಲಿತ್ತು. ನಾನು ಕೈ ಜೋಡಿಸಿ, ಕಣ್ಣು ಮುಚ್ಚಿ, ಚೊಕ್ಕ ಆಕ್ಸೆಂಟಿನಲ್ಲಿ, ಚಾಕು ಎಲ್ಲಿದೆಯೆಂದು ತೋರಿಸು ಎಂದು ಸಂತರನ್ನು ಬೇಡಿದೆ. ಗೊತ್ತಿದ್ದೂ ಕೇಳುವವರನ್ನು ಸಂತರು ಏನು ಮಾಡುತ್ತಾರೋ ಮಾರಲ್ ಸೈನ್ಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬಾಲ್ಕನಿಯಲ್ಲಿ ಅಣ್ಣ ಒಬ್ಬನೇ ಕೂತು, ಖಾಲಿ ಒರೆಯ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಇದ್ದ. "ಹೋಗಲಿ ಬಿಡು ಪುಟ್ಟಿ, ಒಂದು ಚಾಕು ತಾನೇ" ಎಂದ. ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಅಮ್ಮನಿಗೆ ಹೆದರಿ ಅಲ್ಲ. ಸುಬ್ಬಣ್ಣನವರ ಸೌಟಿನ ನ್ಯಾಯ ನನಗೂ ಅರ್ಧ ಹಿಡಿದಿತ್ತು. ಜಾಗ್ರಫಿಯಲ್ಲಿ ಸುಯೆಜ್ ಕಾಲುವೆಯ ನಕ್ಷೆ ಬರೆಯಬಲ್ಲ ಹುಡುಗಿ ನಾನು. ಆದರೂ ಚಾಕು ಸಿಗದಿದ್ದರೆ ಹಡಗು ಅಣ್ಣನನ್ನು ಬಿಟ್ಟು ಹೊರಟೀತು ಎಂದು ಆ ಸಂಜೆ ನಂಬಿಕೊಂಡೆ. ನಾನು ಹೇಳದೆ ಉಳಿಸಿಕೊಂಡಿದ್ದ ಪಾಪ ಇದೇ.

ಹೊರಡುವ ದಿನ ಬೆಳಿಗ್ಗೆ ಕೆಳಗೆ ಟ್ಯಾಕ್ಸಿ ಬಂದು ನಿಂತಿತು. ಅಣ್ಣ ಯೂನಿಫಾರ್ಮ್ ತೊಟ್ಟು, ಬೆಲ್ಟಿಗೆ ಖಾಲಿ ಒರೆಯನ್ನೇ ಸಿಕ್ಕಿಸಿಕೊಂಡು ಅಮ್ಮನಿಗೆ ನಮಸ್ಕಾರ ಮಾಡಿದ.

"ಹೋಗಿಬರ್ತೀನಮ್ಮ."

ಅಮ್ಮ ಆ ಒರೆಯನ್ನೇ ನೋಡುತ್ತಿದ್ದಳು. "ಚಾಕಿಲ್ಲದೆ ಹೇಗೋ ಹೋಗ್ತೀಯ?"

"ಹೀಗೇ. ಕೈ ಬೀಸಿಕೊಂಡು."

"ಅವರು ವಾಪಸು ಕಳಿಸೋಲ್ವೇ?"

ಅಣ್ಣ ನಕ್ಕುಬಿಟ್ಟ. "ಯಾಕಮ್ಮ ಕಳಿಸ್ತಾರೆ? ಅದು ನಾನೇ ಆಸೆಪಟ್ಟು ಕೊಂಡಿದ್ದು. ಸೈನ್ಯದವರಿಗೆ ಅದು ಇದೆ ಅಂತಲೂ ಗೊತ್ತಿಲ್ಲ."

ಅಮ್ಮನ ಮುಖದಲ್ಲಿ ಒಂದು ಕ್ಷಣದಲ್ಲಿ ಲೆಕ್ಕವೆಲ್ಲ ತಿರುಗುಮುರುಗಾದದ್ದನ್ನು ನಾನು ಕಣ್ಣಾರೆ ಕಂಡೆ. ಚಾಕಿದ್ದರೂ ಹೋಗುತ್ತಾನೆ, ಇಲ್ಲದಿದ್ದರೂ ಹೋಗುತ್ತಾನೆ. ಹಾಗಾದರೆ ಇಲ್ಲದೆ ಹೋಗುವುದೆಂದರೇನು! "ನಿಲ್ಲೋ, ಹೊಸ್ತಿಲು ದಾಟಬೇಡ" ಎಂದು ಕೂಗಿ ಒಳಗೆ ಓಡಿದಳು. ಮೊಣಕೈಯವರೆಗೆ ಹುಣಸೆ ಮೆತ್ತಿಕೊಂಡು, ನಾರು ಜೋಲುತ್ತಿದ್ದ ಚಾಕನ್ನು ಹಿಡಿದು ಬಂದಳು. ಎರಡೂ ಕೈಯಿಂದ ಅದನ್ನು ಅಣ್ಣನ ಮುಂದೆ ಚಾಚಿದಳು. ಡಿಸೋಜಾ ಆಂಟಿ ಮೆಟ್ಟಿಲ ಮೇಲೆ ನಿಂತು ಶಿಲುಬೆಯ ಗುರುತು ಮಾಡಿಕೊಂಡರು. ಸೇಂಟ್ ಆಂಟನಿಗೆ ಜಯವಾಯಿತು.

ಅಣ್ಣ ಟವೆಲ್ಲಿನಿಂದ ಅಲಗನ್ನು ಒರೆಸಿದ. ಷೆಫೀಲ್ಡಿನ ಹೊಳಪು ಎಲ್ಲಿಯೂ ಇರಲಿಲ್ಲ. ಮಸಿ ಬಳಿದ ಹಾಗೆ, ನಡುವೆ ಮೋಡ ಮೋಡವಾಗಿ, ಕಪ್ಪು. "ತಿಕ್ಕಿದ್ರೆ ಹೋಗತ್ತೆ ಕಣೋ" ಎಂದ ಅಮ್ಮನ ದನಿ ಸಣ್ಣದಾಗಿತ್ತು.

"ತಿಕ್ಕೋದು ಬೇಡಮ್ಮ" ಎಂದ ಅಣ್ಣ, ಅದನ್ನು ಒರೆಗೆ ಸೇರಿಸುತ್ತ. "ಮರಳುಗಾಡಿನ ಬಿಸಿಲಿಗೆ ಹೊಳೆಯೋ ಚಾಕು ಮೈಲಿ ದೂರಕ್ಕೆ ಕಾಣತ್ತೆ. ಕಮಾಂಡೋಗಳು ಬೇಕೂಂತಲೇ ಕಪ್ಪು ಮಾಡಿಸ್ತಾರೆ. ನೀನು ಮನೇಲೇ ಮಾಡಿಕೊಟ್ಟೆ."

ಅಮ್ಮನ ಸಮಾಧಾನಕ್ಕೆ ಹೇಳಿದ ಸುಳ್ಳೆಂದು ನಾನು ಬಹಳ ಕಾಲ ತಿಳಿದಿದ್ದೆ. ಈಚೆಗೆ ಒಂದು ಕ್ಯಾಟಲಾಗಿನಲ್ಲಿ ಓದಿದೆ, ಅದು ನಿಜವೇ. ಹೈ-ಎಂಡ್ ಮಿಲಿಟರಿ ಚಾಕುಗಳಿಗೆ ಮಿಂಚದಿರಲೆಂದು ಕಪ್ಪು ಲೇಪ ಕೊಡುತ್ತಾರಂತೆ. ಶೋಕಿಯವರು ಮನೆಯಲ್ಲೇ ವಿನಿಗರಿನಲ್ಲಿ ನೆನೆಸುವುದೂ ಉಂಟಂತೆ. ಹುಣಸೆಹಣ್ಣಿನ ಪ್ರಸ್ತಾಪ ಮಾತ್ರ ಎಲ್ಲಿಯೂ ಇರಲಿಲ್ಲ. ಪತ್ರ ಬರೆದು ತಿಳಿಸೋಣವೆಂದು ಎರಡು ದಿನ ಯೋಚಿಸಿದೆ.

ಆ ವರ್ಷವೆಲ್ಲ ಅಮ್ಮ ಹೊಸ ಹುಣಸೆಹಣ್ಣು ತರಿಸಲಿಲ್ಲ. ಮೊದಲ ದಿನ ಸಾರು ಕಲಸಿದ ಅಪ್ಪ ಮೂಗು ಎತ್ತಿ, "ಏನೇ ಇದು, ಬೂಟಿನ ವಾಸನೆ?" ಎಂದರು. "ಬೇಡದಿದ್ರೆ ಮಜ್ಜಿಗೆ ಹಾಕ್ಕೊಳ್ಳಿ" ಎಂದಳು. ಅಪ್ಪ ಇನ್ನೊಂದು ಸೌಟು ಬಡಿಸಿಕೊಂಡರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಈಜಿಪ್ಟಿನಿಂದ ಕಾಗದ ತಡವಾದ ವಾರಗಳಲ್ಲಿ ಸಾರು ಇನ್ನಷ್ಟು ಹುಳಿಯಾಗಿರುತ್ತಿತ್ತು.

ಅಣ್ಣ ಬಿಸಿಲಿಗೆ ಸುಟ್ಟು, ತೆಳ್ಳಗಾಗಿ, ಇಡಿಯಾಗಿ ಹಿಂತಿರುಗಿದ. ಅಲ್ಲಿ ಚಾಕಿನಿಂದ ಏನು ಮಾಡಿದೆ ಎಂದು ಅಮ್ಮ ಕೇಳಿದ್ದಕ್ಕೆ, "ಕಿತ್ತಳೆ ಸುಲಿದೆ, ಡೇರೆಯ ಹಗ್ಗ ಕತ್ತರಿಸಿದೆ" ಎಂದ. ಮರುದಿನವೇ ಅಮ್ಮ ಭರಣಿಯಲ್ಲಿ ಉಳಿದದ್ದನ್ನೆಲ್ಲ ತೆಗೆದು, ಹಿತ್ತಾಳೆಯ ದೀಪದ ಕಂಬಗಳನ್ನು ತಿಕ್ಕಲು ಕೂತಳು. ತೊಳೆದ ಕಂಬ ಚಿನ್ನದ ಹಾಗೆ ಹೊಳೆಯಿತು. ಅದನ್ನು ಎತ್ತಿ ಅಣ್ಣನ ಕಣ್ಣಿಗೆ ಹಿಡಿದಳು.

"ನೋಡ್ದ್ಯಾ? ನನ್ನ ಹುಣಸೆಹಣ್ಣಿನ ತಪ್ಪೇನೂ ಇಲ್ಲ. ನಿನ್ನದು ಬರೀ ಕಬ್ಬಿಣ ಕಣೋ ಸೀನೂ. ಆ ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ."