ಅಂಗಡಿ ಗೋಡೆಯ ಶಿಲ್ಪಿ ಹೆಂಗಸು

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಶಾಂತಲಾಗೊಂದು ಪುಟ್ಟ ಅಂಗಡಿ. ತೀರಿಕೊಂಡವರ ಫೋಟೋ ನೋಡಿ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಡುವುದು ಮೂವತ್ತು ವರ್ಷದ ಕಸುಬು. ಗಿರಾಕಿಗಳೋ, ಅಬ್ಬಬ್ಬಾ! ಬದುಕಿದ್ದಾಗ ಹರಕು ಸೀರೆಯಲ್ಲಿ ಕೂರಿಸಿದ್ದ ಅತ್ತೆಗೆ ಚಿತ್ರದಲ್ಲಿ ರೇಷ್ಮೆ ಬೇಕು, ಎರಡೆಳೆ ಸರ ಬೇಕು. ಶಾಂತಲಾ ಕೇಳಿದ್ದೆಲ್ಲ ಹಾಕಿಕೊಡುತ್ತಿದ್ದಳು. ಚಿತ್ರ ಕೈಗೆ ಬಂದ ಮೇಲೆ ಬರೆದವಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮದುವೆಯಿಲ್ಲ, ಒಡಹುಟ್ಟಿದವರಿಲ್ಲ, ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಂಡು ಒಬ್ಬಳೇ ಮಲಗುವುದು.

ಹೋದ ಬೇಸಿಗೆಯಲ್ಲಿ ರದ್ದಿ ಪುಸ್ತಕವೊಂದರಲ್ಲಿ ಒಂದು ಚಿತ್ರ ಸಿಕ್ಕಿತು. ನೂರೈವತ್ತು ವರ್ಷದ ಹಿಂದೆ ತನ್ನ ದೇಶ ಬಿಟ್ಟು ರೋಮಿಗೆ ಹೋಗಿ, ಅಲ್ಲೇ ಅಮೃತಶಿಲೆ ಕೆತ್ತುತ್ತ, ಒಂಟಿಯಾಗಿಯೇ ಸತ್ತ ಶಿಲ್ಪಿ ಹೆಂಗಸು. ಕೈಯಲ್ಲಿ ಉಳಿ, ಸುತ್ತಿಗೆ. ಇವಳೂ ನನ್ನಂಥವಳೇ ಅನ್ನಿಸಿತು. ಯಾರೂ ಕೇಳದ ಆ ಚಿತ್ರವನ್ನು ಹದಿನೈದು ದಿನ ಕೂತು ಬರೆದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಒಬ್ಬರಾದರೂ ನಿಂತು ನೋಡಲಿ ಎಂಬುದೊಂದೇ ಆಸೆ. ನಾಲ್ಕು ತಿಂಗಳಾದರೂ ಒಂದು ನರಪಿಳ್ಳೆಯೂ ನೋಡಲಿಲ್ಲ.

ಆಮೇಲೊಂದು ದಿನ ಭಾನುವಳ್ಳಿಯಿಂದ ದುರ್ಗಾ ಎಂಬವಳು ಬಂದಳು. ಸತ್ತ ತಾಯಿಯ ಚಿತ್ರ ಬೇಕು, ಫೋಟೋ ಮಾತ್ರ ಒಂದೂ ಇಲ್ಲ! ಆಗಲ್ಲಮ್ಮ ಎಂದು ಶಾಂತಲಾ ಹೇಳುವಷ್ಟರಲ್ಲಿ ದುರ್ಗಾಳ ಕಣ್ಣು ಗೋಡೆಯ ಚಿತ್ರಕ್ಕೆ ನೆಟ್ಟಿತ್ತು. ಬಹಳ ಹೊತ್ತು ಅಲುಗಲಿಲ್ಲ.

"ನಮ್ಮವ್ವ ಜಲ್ಲಿ ಒಡೀತಿದ್ಲು ಅಕ್ಕಾರೆ. ಸುತ್ತಿಗಿ ಹಿಡಿಯೋದು ಥೇಟ್ ಹಿಂಗೇ. ಇದನ್ನೇ ಕೊಡ್ರಿ."

ಶಾಂತಲಾ ತನಗಾಗಿ ಬರೆದುಕೊಂಡದ್ದು ಅದೊಂದೇ. "ಅವ್ರು ನಿಮ್ಮವ್ವ ಅಲ್ಲಮ್ಮ. ಪರದೇಶದೋರು, ಸತ್ತು ಯಾವ ಕಾಲಾತೋ."

"ಹಿರೇರ ಹಬ್ಬಕ್ಕೆ ಅವ್ರಿಗೆ ಎಡಿ ಇಡೋರು ಯಾರಾದ್ರೂ ಅದಾರೇನ್ರಿ?"

"ಯಾರೂ ಇಲ್ಲ."

"ಮತ್ತೆ? ನಮ್ಮವ್ವನ ಜೊತಿಗೆ ಅವ್ರಿಗೂ ಇಡ್ತೀನಿ, ಕೊಡ್ರಿ. ನೀವೂ ಬರ್ರಿ."

ನಾಳೆ ನಾನು ಸತ್ತರೆ ನನಗೆ ಯಾರು ಎಡೆ ಇಡುತ್ತಾರೆ ಎಂದು ನೆನೆದು ಶಾಂತಲಾಗೆ ದುಃಖ ಉಕ್ಕಿತು. ಚಿತ್ರ ಇಳಿಸಿ ಕೊಟ್ಟಳು.

ಹಿರಿಯರ ಹಬ್ಬ, ಮಹಾಲಯ ಅಮಾವಾಸ್ಯೆಯ ದಿನ ಹೋಗಲೋ ಬೇಡವೋ ಎನ್ನುತ್ತಲೇ ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿಗೆ ಹೋದಳು. ದುರ್ಗಾಳ ಮನೆಯಲ್ಲಿ ಚಿತ್ರದ ಶಿಲ್ಪಿಯ ಹಣೆಗೆ ಕುಂಕುಮವಿತ್ತು, ಮುಂದೆ ಬಾಳೆಲೆಯಲ್ಲಿ ಹೋಳಿಗೆ. ಪೂಜೆ ಮುಗಿದು ನೆಂಟರೆಲ್ಲ ಊಟಕ್ಕೆ ಕೂತರು. ಶಾಂತಲಾ ಬಾಗಿಲ ಬಳಿಯೇ ನಿಂತಿದ್ದಳು.

"ಇವ್ರು ಯಾರ ಪೈಕಿ?" ಎಂದು ಒಬ್ಬ ಮುದುಕಿ ಕೇಳಿದಳು.

ದುರ್ಗಾ ಚಿತ್ರದತ್ತ ಕೈ ತೋರಿಸಿ, "ಆ ಅಮ್ಮಾರ ಮನಿಯೋರು" ಎಂದು ಇನ್ನೊಂದು ಎಲೆ ಹಾಕಿದಳು.

ಶಾಂತಲಾ ಅಲ್ಲ ಎನ್ನಲಿಲ್ಲ. ಹೋಗಿ ಕೂತಳು.